ಗೋಣಿಯ ಒಂದು ಕಿಲೋ

ನನ್ನ ಕೋಪ ಮೂಗಿನ ತುದಿಯಲ್ಲಿರುತ್ತದೆ ಎಂದು ಬಂಟ್ವಾಳದಲ್ಲಿ ಹೇಳುವವರಿದ್ದಾರೆ. ಅಷ್ಟು ದೂರ ಹೋಗಿ ಕೂರುವ ತಾಳ್ಮೆ ಅದಕ್ಕಿಲ್ಲ, ನೇರ ಬಾಯಿಗೇ ಬರುತ್ತದೆ. ಕಳೆದ ಡಿಸೆಂಬರಿನ ಆ ಭಾನುವಾರ ಮೂಡುಬಿದಿರೆಯ ಮೈದಾನದಲ್ಲಿ ಏನಾಯಿತು ಎಂದು ಎಲ್ಲರೂ ಬರೆದಾಯಿತು. "ಊರಿನ ಹುಡುಗಿಯರ ಅನ್ನಕ್ಕೆ ಮಣ್ಣು ಹಾಕಿದ ಮುದುಕಿ" ಎಂದು ಒಬ್ಬ ವಾಟ್ಸಪ್ಪಿನಲ್ಲಿ ಹಾಕಿದ, ಸಾವಿರ ಜನ ಅದನ್ನು ಮುಂದಕ್ಕೆ ಕಳಿಸಿದರು. ಮುದುಕಿ ಎಂಬುದಕ್ಕೆ ನನ್ನ ಆಕ್ಷೇಪವಿದೆ, ನನಗೆ ಐವತ್ತೊಂಬತ್ತು. ಉಳಿದದ್ದಕ್ಕೆ ಉತ್ತರವಾಗಿ ಇದನ್ನು ನಾನೇ ಬರೆಯುತ್ತಿದ್ದೇನೆ.

ನನ್ನ ಹೆಸರು ವಾರಿಜಾ. ಏಷ್ಯಾ ಹಗ್ಗಜಗ್ಗಾಟ ಮಂಡಳಿಯ ತಾಂತ್ರಿಕ ಸಮಿತಿಗೆ ಮುಖ್ಯಸ್ಥೆ. ಹಗ್ಗ ಎಳೆಯುವುದಕ್ಕೂ ಒಂದು ಏಷ್ಯಾ ಮಂಡಳಿಯೇ ಎಂದು ನಗುವವರು ಈಗಲೇ ನಕ್ಕು ಮುಗಿಸಿ. ಇಪ್ಪತ್ತಮೂರು ದೇಶಗಳು ಅದರಲ್ಲಿವೆ. ಒಂದು ತಂಡಕ್ಕೆ ಎಂಟು ಮಂದಿ, ಎಂಟೂ ಮಂದಿಯ ಒಟ್ಟು ತೂಕಕ್ಕೆ ಮಿತಿ, ಶೂವಿನ ಅಡಿಗೆ ಎಷ್ಟು ದಪ್ಪದ ತಗಡು ಇರಬಹುದು ಎಂಬುದಕ್ಕೂ ನಿಯಮ. ಆ ನಿಯಮಗಳಲ್ಲಿ ಅರ್ಧವನ್ನು ಬರೆದವಳು ನಾನು.

ಶುರುವಾದದ್ದು ನಾರಾವಿಯ ಶಾಲೆಯಲ್ಲಿ. ನನ್ನ ಅಪ್ಪ ಹುಕ್ರಪ್ಪ ಬಾವಿ ತೋಡುವವರು. ಮಣ್ಣು ಮೇಲಕ್ಕೆಳೆಯುವ ದಪ್ಪ ಹಗ್ಗ ನಮ್ಮ ಮನೆಯಲ್ಲಿ ಬಿಟ್ಟರೆ ಆಸುಪಾಸಿನಲ್ಲಿ ಇರಲಿಲ್ಲ. ಪ್ರತಿ ವರ್ಷ ಕ್ರೀಡಾದಿನಕ್ಕೆ ಮಾಸ್ತರರು ಅದನ್ನು ಕೇಳಿ ತರಿಸುತ್ತಿದ್ದರು, ಹುಡುಗರು ಎಳೆಯುತ್ತಿದ್ದರು, ಹುಡುಗಿಯರು ಚಪ್ಪಾಳೆ ತಟ್ಟುತ್ತಿದ್ದೆವು. ಐದನೇ ಕ್ಲಾಸಿನಲ್ಲಿ ನಾನು ಹೋಗಿ ಹಗ್ಗದ ತುದಿ ಹಿಡಿದು ನಿಂತೆ. ಮಾಸ್ತರರು ಬಿಡು ಎಂದರು. "ಹಗ್ಗ ನಮ್ಮದು, ನೀವು ಬಿಡಿ" ಎಂದೆ. ಎರಡು ಪೆಟ್ಟು ಬಿತ್ತು, ಆದರೆ ಆ ವರ್ಷದಿಂದ ಹುಡುಗಿಯರಿಗೂ ಒಂದು ಆಟ ಸೇರಿತು.

ಮುಂದೆ ಬಂಟ್ವಾಳದ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆದೆ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ ಪುರುಸೊತ್ತಾಗಲಿಲ್ಲ ಎಂದಿದ್ದೇನೆ, ಅದು ನಿಜ ಕೂಡ. ಭಾನುವಾರ ಬಂದರೆ ಎಲ್ಲಾದರೂ ಹಗ್ಗಜಗ್ಗಾಟ, ನಾನು ರೆಫರಿ. ಒಮ್ಮೆ ಕಲ್ಲಡ್ಕದಲ್ಲಿ ಆಟ ಏರ್ಪಡಿಸಿದವರ ತಂಡವನ್ನೇ ಹೊರಗೆ ಹಾಕಿದೆ. ಅವರು ಎಳೆಯುವ ಬದಲು ನೆಲಕ್ಕೆ ಕೂರುತ್ತಿದ್ದರು, ಎರಡು ಸಲ ಎಚ್ಚರಿಸಿದೆ, ಮೂರನೆಯದಕ್ಕೆ ಸೀಟಿ ಊದಿದೆ. ಹತ್ತು ಹನ್ನೆರಡು ಗಂಡಸರು ಬಸ್‌ಸ್ಟ್ಯಾಂಡಿನವರೆಗೆ ಬೈಯುತ್ತಾ ಹಿಂದೆಯೇ ಬಂದರು. ಬಸ್ಸು ಬರಲು ಇಪ್ಪತ್ತು ನಿಮಿಷ ಇತ್ತು. ಆ ಇಪ್ಪತ್ತು ನಿಮಿಷವೂ ಅವರ ಕಡೆಗೇ ಮುಖ ಮಾಡಿ ನಿಂತಿದ್ದೆ. ಹೆದರಿಕೆ ಆಗದೆ ಇರಲಿಲ್ಲ, ಸೀಟಿ ಮಾತ್ರ ಬಾಯಿಂದ ತೆಗೆಯಲಿಲ್ಲ. ಮರುವರ್ಷ ಅದೇ ಜನ ನನ್ನನ್ನೇ ಕರೆದರು. ಈ ಹೆಂಗಸು ಸೀಟಿ ಊದಿದರೆ ಆಮೇಲೆ ಜಗಳಕ್ಕೆ ಜಾಗವಿಲ್ಲ ಎಂದು ಅವರಿಗೂ ಗೊತ್ತಾಗಿತ್ತು.

ಹಾಗೆ ರಾಜ್ಯ, ರಾಷ್ಟ್ರ, ಆಮೇಲೆ ಏಷ್ಯಾ. ಒಂದು ದೇಶದಲ್ಲಿ ಆತಿಥೇಯ ತಂಡದವರ ಶೂವಿನಡಿ ಮೊಳೆ ಇತ್ತು. ಶೂ ತೋರಿಸಿ ಎಂದೆ. ಮಂತ್ರಿಗಳು ಬಂದು ಕೂತಿದ್ದಾರೆ, ತಡ ಮಾಡಬೇಡಿ ಎಂದರು. ಸೀಟಿಯನ್ನು ಬ್ಯಾಗಿಗೆ ಹಾಕಿ ಚಹಾ ತರಿಸಿಕೊಂಡೆ. ನಲವತ್ತು ನಿಮಿಷವಾದ ಮೇಲೆ ಎಂಟೂ ಜನ ಬೇರೆ ಶೂ ಹಾಕಿಕೊಂಡು ಬಂದರು. ಅಂದಿನಿಂದ ಮಂಡಳಿಯಲ್ಲಿ ನನಗೆ ಶೂ ಮೇಡಂ ಎಂದೇ ಹೆಸರು, ನನಗದು ಇಷ್ಟ.

ಈ ವರ್ಷ ಮಂಡಳಿಗೆ ಹೊಸ ಅಧ್ಯಕ್ಷರ ಚುನಾವಣೆ. ನನ್ನ ಹೆಸರು ಎಲ್ಲರ ಬಾಯಲ್ಲಿತ್ತು. ಗಂಡಸರಿಗೆ ಆರು ತೂಕದ ವರ್ಗಗಳಿವೆ, ಹೆಂಗಸರಿಗೆ ಎರಡೇ. ನಾನು ಅಲ್ಲಿ ಕೂತರೆ ಮೊದಲು ಅದನ್ನು ಆರು ಮಾಡುವವಳಿದ್ದೆ. ಅದೊಂದೇ ಕಾರಣ ಎಂದರೆ ಸುಳ್ಳಾಗುತ್ತದೆ. ಬಾವಿ ತೋಡುವವರ ಮಗಳು ಆ ಕುರ್ಚಿಯಲ್ಲಿ ಕೂರಬೇಕು ಎಂಬ ಆಸೆ ನನಗಿತ್ತು. ಬಹಳ ಇತ್ತು. ಅರುವತ್ತು ದಾಟಿದವರು ನಿಲ್ಲುವಂತಿಲ್ಲ, ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ. ಈ ಸಲ ತಪ್ಪಿದರೆ ಮತ್ತೆ ಇಲ್ಲ. ನಿಲ್ಲಲು ಬೇಕಾದದ್ದು ಒಂದೇ ಒಂದು ಪತ್ರ. ಈ ಅಧಿಕಾರಿಯ ಮೇಲೆ ಯಾವ ತಾಂತ್ರಿಕ ಲೋಪವೂ ದಾಖಲಾಗಿಲ್ಲ ಎಂದು ರಾಷ್ಟ್ರೀಯ ಸಂಘ ಬರೆದುಕೊಡಬೇಕು, ಅದು ಸೋಮವಾರ ಸಂಜೆಯೊಳಗೆ ಮಂಡಳಿಗೆ ತಲುಪಬೇಕು.

ಪತ್ರ ಬರೆಯಬೇಕಾದವನು ಧನರಾಜ್, ಸಂಘದ ಪ್ರಧಾನ ಕಾರ್ಯದರ್ಶಿ. ಬಂಟ್ವಾಳದ ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿ. ಈಗ ದೊಡ್ಡ ಕಂಟ್ರಾಕ್ಟುದಾರ, ಆದರೂ ನನ್ನೆದುರು ಕುರ್ಚಿಯಲ್ಲಿ ಒರಗಿ ಕೂರುವುದಿಲ್ಲ. ತಾಷ್ಕೆಂಟಿನ ಏಷ್ಯಾ ಕೂಟಕ್ಕೆ ಹೋಗುವ ಮಹಿಳಾ ತಂಡದ ಕೊನೆಯ ಆಯ್ಕೆಯನ್ನು ಅವನು ಮೂಡುಬಿದಿರೆಯಲ್ಲಿ ಇಟ್ಟ. ಉಳಿದದ್ದು ಎರಡೇ ತಂಡ, ಒಂದು ನಮ್ಮೂರಿನ ಹುಡುಗಿಯರದ್ದು, ಇನ್ನೊಂದು ಛತ್ತೀಸ್‌ಗಢದ್ದು. ಶನಿವಾರ ತೂಕ ಮತ್ತು ಆಟ. ಭಾನುವಾರ ಬೆಳಿಗ್ಗೆ ಬಹುಮಾನ, ಅದರ ಜೊತೆಗೆ ನನಗೆ ಸನ್ಮಾನ, ಸನ್ಮಾನದ ವೇದಿಕೆಯಲ್ಲಿ ಎಲ್ಲರೆದುರು ನನ್ನ ಕೈಗೆ ಆ ಪತ್ರ. ನಮ್ಮ ಜಿಲ್ಲೆಯಲ್ಲಿ ಸನ್ಮಾನವಿಲ್ಲದೆ ಯಾವ ಕೆಲಸವೂ ಮುಗಿಯುವುದಿಲ್ಲ.

ಶನಿವಾರ ಬೆಳಿಗ್ಗೆ ಮಂಗಳೂರಿನಿಂದ ತರಿಸಿದ್ದ ತೂಕದ ಮೆಷಿನ್ ಕೆಟ್ಟು ಕೂತಿತು. ಧನರಾಜ್ ಎಲ್ಲಿಗೋ ಫೋನ್ ಮಾಡಿದ. ಒಂದು ಗಂಟೆಯಲ್ಲಿ ಪಿಕಪ್ಪಿನಲ್ಲಿ ಇನ್ನೊಂದು ಮೆಷಿನ್ ಬಂತು, ಅದರ ಜೊತೆ ಅದರ ಯಜಮಾನರೂ ಬಂದರು. ಕಲ್ಲಡ್ಕದ ಹಾಜಬ್ಬ. ನಲವತ್ತು ವರ್ಷದಿಂದ ಅಡಿಕೆ ಖರೀದಿ ಮಾಡುವವರು. ಅವರ ತೂಕದಲ್ಲಿ ನೂರು ಗ್ರಾಂ ಹೆಚ್ಚುಕಡಿಮೆ ಬಂತೆಂದು ಯಾವ ಕೃಷಿಕನೂ ಹೇಳಿದ್ದಿಲ್ಲ. ಮೆಷಿನ್ ಇನ್ನೊಬ್ಬರ ಕೈಗೆ ಕೊಟ್ಟರೆ ಹಾಳಾಗುತ್ತದೆ ಎಂದು ತಾವೇ ಅದರ ಮುಂದೆ ಸ್ಟೂಲು ಹಾಕಿ ಕೂತರು. ಇಪ್ಪತ್ತು ಕಿಲೋದ ಕಲ್ಲು ಇಟ್ಟು ನೋಡಿದೆ, ಇಪ್ಪತ್ತೇ ತೋರಿಸಿತು. ಐವತ್ತು ಇಟ್ಟೆ, ಐವತ್ತು. ಮೆಷಿನ್ ಸರಿಯಿದೆ ಎಂದು ಸಹಿ ಹಾಕಿದೆ.

ತೂಕದ ಮೇಜಿನ ಬಳಿ ತಾಂತ್ರಿಕ ಅಧಿಕಾರಿ ನಿಂತು ಅಂಕಿಯನ್ನು ಕಣ್ಣಾರೆ ನೋಡಬೇಕು. ಇದು ನಿಯಮ, ನಾನೇ ಬರೆದದ್ದು. ನಮ್ಮ ಹುಡುಗಿಯರು ಸಾಲಾಗಿ ನಿಲ್ಲುವ ಹೊತ್ತಿಗೆ ಧನರಾಜ್ ಬಂದ.

"ಟೀಚರ್, ಫ್ಲೆಕ್ಸಿಗೆ ನಿಮ್ಮ ಫೋಟೋ ಯಾವುದು ಹಾಕುದು? ಪ್ರಿಂಟಿನವ ಕಾಯ್ತಾ ಇದ್ದಾನೆ. ಒಮ್ಮೆ ಬಂದು ನೋಡಿ ಹೋಗಿ."

ಹೋದೆ. ನಾಲ್ಕು ಫೋಟೋ ಇತ್ತು. ಒಂದರಲ್ಲಿ ಕಣ್ಣು ಸಣ್ಣದಾಗಿತ್ತು, ಇನ್ನೊಂದರಲ್ಲಿ ಕೋಟು ಸರಿಯಿರಲಿಲ್ಲ. ಅಧ್ಯಕ್ಷೆಯಂತೆ ಕಾಣುವ ಫೋಟೋ ಆರಿಸಲು ನನಗೆ ಮುಕ್ಕಾಲು ಗಂಟೆ ಬೇಕಾಯಿತು. ವಾಪಸು ಬರುವಾಗ ನಮ್ಮ ತಂಡದ ತೂಕ ಮುಗಿದಿತ್ತು. ಹಾಜಬ್ಬ ಅಂಕಿ ಓದಿ ಹೇಳಿದ್ದರು, ನಿವೃತ್ತ ಮೇಷ್ಟ್ರು ರುಕ್ಮಯ್ಯ ಬರೆದುಕೊಂಡಿದ್ದರು. ಎಂಟು ಮಂದಿ ಸೇರಿ ನಾನೂರ ತೊಂಬತ್ತೆಂಟು ಕಿಲೋ ನಾನೂರು ಗ್ರಾಂ. ಮಿತಿ ಐನೂರು. ಹುಡುಗಿಯರು ಕುಣಿಯುತ್ತಿದ್ದರು. ನಾಯಕಿ ತೃಷಾ ನಾರಾವಿಯವಳು, ಡಿಗ್ರಿ ಎರಡನೇ ವರ್ಷ, ಹಗ್ಗದ ಕೊನೆಯಲ್ಲಿ ಅದನ್ನು ಮೈಗೆ ಸುತ್ತಿಕೊಂಡು ನಿಲ್ಲುವ ಗಟ್ಟಿಗಿತ್ತಿ. ತೂಕ ಇಳಿಸಲು ವಾರವಿಡೀ ಗಂಜಿ ಕುಡಿದೆವು ಟೀಚರ್ ಎಂದು ನಕ್ಕಳು.

ಛತ್ತೀಸ್‌ಗಢದವರ ರೈಲು ತಡ. ಅವರು ಮೈದಾನ ಮುಟ್ಟುವಾಗ ಹಾಜಬ್ಬ ನಮಾಜಿಗೆ ಹೋಗಿದ್ದರು. ಸ್ಟೂಲಿನಲ್ಲಿ ರುಕ್ಮಯ್ಯ ಮೇಷ್ಟ್ರೇ ಕೂತು ಓದಿ ಬರೆದರು. ಐನೂರ ಒಂದು ಕಿಲೋ ಎಂಟುನೂರು. ಓಡಿ ಬೆವರಿಳಿಸಲು ಹೊತ್ತಿರಲಿಲ್ಲ. ಒಬ್ಬಳನ್ನು ಕೂರಿಸಿ ಏಳೇ ಮಂದಿ ಎಳೆದರು. ಎಂಟು ಜನರೆದುರು ಏಳು ಜನ ಒಂದು ಸುತ್ತು ಗೆದ್ದರು, ಎರಡು ಸೋತರು. ಕೊನೆಯ ಸುತ್ತಿನಲ್ಲಿ ಅವರ ಕೈಯ ಚರ್ಮ ಸುಲಿದು ಹಗ್ಗ ಕೆಂಪಾಗಿತ್ತು. ನಮ್ಮೂರು ತಾಷ್ಕೆಂಟಿಗೆ ಎಂದು ಪಟಾಕಿ ಹೊಡೆದರು. ನಾನೂ ಚಪ್ಪಾಳೆ ತಟ್ಟಿದೆ.

ನಾಲ್ಕೂವರೆಗೆ ಹಾಜಬ್ಬ ಮೆಷಿನ್ ಕಟ್ಟಿಡಲು ಹೊರಟಿದ್ದರು. ತಮಾಷೆಗೆಂದು ನಾನು ಹತ್ತಿ ನಿಂತೆ.

"ನನ್ನದೂ ಒಮ್ಮೆ ನೋಡಿ ಹಾಜಬ್ಬರೇ. ಸನ್ಮಾನಕ್ಕೆ ಮೊದಲು ಎಷ್ಟು ಉಂಟು ಅಂತ ಗೊತ್ತಿರ್ಲಿ."

"ಅರುವತ್ತೆಂಟು ಇನ್ನೂರು" ಎಂದರು ರಾಗವಾಗಿ.

ನನಗೆ ಖುಷಿಯಾಯಿತು. ನಾನು ದಿನಾ ಬೆಳಿಗ್ಗೆ ತೂಕ ನೋಡುವವಳು, ಅರುವತ್ತೊಂಬತ್ತರಿಂದ ಕೆಳಗಿಳಿದು ವರ್ಷಗಳೇ ಆಗಿದ್ದವು. ಕಣ್ಣಾರೆ ನೋಡೋಣ ಎಂದು ಬಗ್ಗಿದೆ. ಮೆಷಿನ್ನಿನಲ್ಲಿ ಅರುವತ್ತೊಂಬತ್ತು ಇನ್ನೂರು ಇತ್ತು.

"ಇನ್ನೊಮ್ಮೆ ಓದಿ."

"ಅರುವತ್ತೆಂಟು ಇನ್ನೂರು."

"ಮೆಷಿನ್ ಎಂತ ಹೇಳ್ತದೆ?"

"ಮೆಷಿನ್ ಅರುವತ್ತೊಂಬತ್ತು ಇನ್ನೂರು ಹೇಳ್ತದೆ. ಗೋಣಿದ್ದು ಒಂದು ಕಿಲೋ ಕಳೆದ್ರೆ..." ಎಂದವರು ಅಲ್ಲಿಗೇ ನಿಂತರು. "ಯಾ ಅಲ್ಲಾಹ್. ನಾನು ಎಂತ ಮಾಡಿದೆ ಟೀಚರ್?"

ಒಂದು ಅಡಿಕೆ ಗೋಣಿ ಅರುವತ್ತೈದು ಕಿಲೋ ಆಸುಪಾಸು ತೂಗುತ್ತದೆ. ನಮ್ಮ ಹುಡುಗಿಯರೂ ಅಷ್ಟೇ. ಬರಿ ಗೋಣಿಯದ್ದು ಒಂದು ಕಿಲೋ ಎಂದು ಕಳೆದೇ ಕೂಗಬೇಕು, ಅದು ಅಂಗಡಿಯ ಪದ್ಧತಿ. ನಲವತ್ತು ವರ್ಷ ದಿನಕ್ಕೆ ನೂರು ಸಲ ಹಾಗೆ ಕೂಗಿದ ಬಾಯಿ. ಕಣ್ಣು ಅರುವತ್ತೈದು ನೋಡಿತು, ಬಾಯಿ ಅರುವತ್ನಾಲ್ಕು ಎಂದಿತು, ನಡುವೆ ತಲೆಗೆ ಕೆಲಸವೇ ಇರಲಿಲ್ಲ. ಎಂಟು ಹುಡುಗಿಯರು, ಎಂಟು ಗೋಣಿ, ಎಂಟು ಕಿಲೋ. ನಮ್ಮ ತಂಡದ ನಿಜವಾದ ತೂಕ ಐನೂರ ಆರು ಕಿಲೋ ನಾನೂರು. ಮಿತಿಗಿಂತ ಆರು ಕಿಲೋ ಮೇಲೆ. ಅವರು ಎಂಟು ಮಂದಿ ಎಳೆದರು. ಎರಡು ಕಿಲೋ ಕೂಡ ಮೇಲಿರದಿದ್ದ ತಂಡ ಏಳು ಮಂದಿಯಲ್ಲಿ ಎಳೆಯಿತು.

ನಾನು ಯಂತ್ರವನ್ನು ಪರೀಕ್ಷಿಸಿದ್ದೆ, ಎದುರು ಕೂತ ಮನುಷ್ಯನ ಅಭ್ಯಾಸವನ್ನು ಪರೀಕ್ಷಿಸಿರಲಿಲ್ಲ. ಪಕ್ಕದಲ್ಲಿ ನಿಂತಿದ್ದರೆ ಮೊದಲನೇ ಹುಡುಗಿಗೇ ಗೊತ್ತಾಗುತ್ತಿತ್ತು. ನಿಂತಿರಲಿಲ್ಲ, ಫೋಟೋ ಆರಿಸುತ್ತಿದ್ದೆ.

ಫಲಿತಾಂಶದ ಹಾಳೆಗೆ ನನ್ನ ಸಹಿ ಇನ್ನೂ ಬಿದ್ದಿರಲಿಲ್ಲ. ಅದನ್ನು ಹಿಡಿದುಕೊಂಡು ಧನರಾಜನನ್ನು ಹುಡುಕಿದೆ. ಪೆಂಡಾಲಿನ ಹಿಂದೆ ಅಡುಗೆಯವರ ಬಳಿ ಚಹಾ ಕುಡಿಯುತ್ತಿದ್ದ. ಎಲ್ಲ ಹೇಳಿದೆ. ನಾಳೆ ಬೆಳಿಗ್ಗೆ ಎರಡೂ ತಂಡವನ್ನು ಮತ್ತೆ ತೂಗಿ ಮತ್ತೆ ಎಳೆಸಬೇಕು ಎಂದೆ. ಗ್ಲಾಸು ಕೆಳಗಿಟ್ಟ.

"ಟೀಚರ್, ಇದು ಈಗ ಯಾರಿಗೆಲ್ಲ ಗೊತ್ತುಂಟು?"

"ನನಗೆ, ಹಾಜಬ್ಬರಿಗೆ, ನಿನಗೆ."

"ಹಾಗಾದ್ರೆ ಅಲ್ಲಿಗೇ ಬಿಡುವ. ಯಾರೂ ಬೇಕಂತ ಮಾಡಿದ್ದಲ್ಲ. ನೀವು ಒಮ್ಮೆ ಅಧ್ಯಕ್ಷೆ ಆಗಿ. ಇಂಥ ನೂರು ಹುಡುಗಿಯರಿಗೆ ದಾರಿ ಆಗ್ತದೆ. ಇವತ್ತಿನ ಒಂದು ಆಟಕ್ಕೆ ಅದನ್ನೆಲ್ಲ ಬಿಡ್ತೀರಾ?"

ಅವನ ಮಾತಿನಲ್ಲಿ ಮೋಸವಿರಲಿಲ್ಲ, ಅದೇ ಕಷ್ಟ. ನಾನು ಅಲ್ಲಿ ಕೂರಬೇಕೆಂದು ನನ್ನಷ್ಟೇ ಅವನಿಗೂ ಆಸೆ. ನಾನು ಬಗ್ಗುವುದಿಲ್ಲ ಎಂದು ಕಂಡಾಗ ಕುರ್ಚಿ ಹತ್ತಿರ ಎಳೆದುಕೊಂಡ.

"ಸರಿ, ಮತ್ತೆ ಎಳೆಸಿ. ಆದ್ರೆ ವರದಿಯಲ್ಲಿ ಹಾಜಬ್ಬರು ತಪ್ಪಾಗಿ ತೂಕ ಹೇಳಿದ್ರು ಅಂತ ಒಂದು ಲೈನ್ ಬರೀರಿ. ನಿಮ್ಮ ಲೋಪ ಅಂತ ಬರೆದ್ರೆ ನಾನು ಲೆಟರ್ ಹೇಗೆ ಕೊಡುದು? ಲೋಪ ಇಲ್ಲ ಅಂತಲೇ ಅಲ್ವಾ ಅದ್ರಲ್ಲಿ ಬರೀಬೇಕಾದ್ದು? ಅವರು ಹೇಳಿದ್ದು ತಪ್ಪು, ಅದು ಸತ್ಯವೇ ಅಲ್ವಾ ಟೀಚರ್?"

"ಸತ್ಯವೇ. ಆ ಒಂದು ಲೈನು ನಾಳೆಯೊಳಗೆ ಎಷ್ಟು ಮೊಬೈಲಿಗೆ ಹೋಗ್ತದೆ? ಹಾಜಬ್ಬ ಅಂತ ಹೆಸರು ನೋಡಿದ ಕೂಡ್ಲೆ ಅದು ಎಂತ ಆಗ್ತದೆ ಅಂತ ನಿನಗೆ ಗೊತ್ತುಂಟಾ ಇಲ್ವಾ?"

ಧನರಾಜ್ ಬೇರೆ ಕಡೆ ನೋಡಿದ. ಗೊತ್ತಿತ್ತು ಅವನಿಗೆ. ನಮ್ಮೂರಿನಲ್ಲಿ ಯಾರಿಗೆ ಗೊತ್ತಿಲ್ಲ? ಗೋಣಿಯ ಕಿಲೋ ಎಂದು ನಕ್ಕು ಬಿಡಬೇಕಾದ ವಿಷಯ ಬೆಳಗಾಗುವುದರೊಳಗೆ ಷಡ್ಯಂತ್ರ ಆಗುತ್ತಿತ್ತು. ಹಾಜಬ್ಬರ ಅಂಗಡಿಯೆದುರು ಜನ ಸೇರುತ್ತಿದ್ದರು.

"ಅದ್ಕಿಂತ ಹೆಚ್ಚು, ಅದು ಅವರ ತಪ್ಪಲ್ಲ" ಎಂದೆ. "ಅಡಿಕೆ ತೂಗುವವರು ಅಡಿಕೆಯ ಹಾಗೆ ತೂಗಿದ್ರು. ನೋಡ್ಲಿಕ್ಕೆ ಅಂತ ಇದ್ದವಳು ನಾನು. ನಾನು ಎಲ್ಲಿದ್ದೆ?"

"ನಾನು ಕರೆದದ್ದು ಅಲ್ವಾ ಟೀಚರ್."

"ನೀನು ಕರೆದೆ. ಬಂದದ್ದು ನಾನು."

ಹೊರಗೆ ಬಂದರೆ ಹಾಜಬ್ಬ ಮೆಷಿನ್ನಿನ ಪಕ್ಕದಲ್ಲೇ ಕೂತಿದ್ದರು. ಪಿಕಪ್ಪು ಹೋಗಿರಲಿಲ್ಲ. "ನನ್ನ ಹೆಸರೇ ಬರೀರಿ ಟೀಚರ್, ನನಗೆ ಎಪ್ಪತ್ತೆರಡು ಆಯ್ತು, ನನಗೆಂತ ಹೋಗುದುಂಟು" ಎಂದರು. ಮಕ್ಕಳಿಗೆ, ಅಂಗಡಿಗೆ ಹೋಗುವುದಿದೆ ಎಂದೆ. ನಾಳೆ ಬೆಳಿಗ್ಗೆ ಮೆಷಿನ್ ಮತ್ತೆ ಬೇಕು, ಓದುವವರು ಮಾತ್ರ ಬೇರೆಯವರು ಎಂದೆ. ಈಗ ಅವರ ಹೆಸರು ಬರೆಯುತ್ತಿರುವುದು ಅವರೇ ಒಪ್ಪಿದ ಮೇಲೆ. ಇಷ್ಟು ದಿನವಾಯಿತಲ್ಲ, ಇನ್ನು ಜನ ನಗುತ್ತಾರೆ ಅಷ್ಟೇ ಎಂದರು.

ಭಾನುವಾರ ಏಳು ಗಂಟೆಗೆ ಎರಡೂ ತಂಡಗಳನ್ನು ಮೆಷಿನ್ನಿನ ಬಳಿಗೆ ಕರೆಸಿದೆ. ಯಾಕೆಂದು ಹೇಳಿದೆ. ತೃಷಾಳ ಮುಖ ಕಲ್ಲಾಯಿತು. ಅಂಕಿಯನ್ನು ನಾನೇ ಓದಿದೆ, ಎರಡೂ ತಂಡದ ಮ್ಯಾನೇಜರುಗಳು ಪಕ್ಕದಲ್ಲಿ ನಿಂತರು. ನಮ್ಮವರು ಐನೂರ ಐದು ಇನ್ನೂರು, ಅವರು ಐನೂರ ಒಂದು ನಾನೂರು. ಮರುಆಟಕ್ಕೆ ತೂಕ ಒಂದೇ ಸಲ, ಬೆವರಿಳಿಸಿ ಬಂದು ಮತ್ತೆ ತೂಗಿಸುವಂತಿಲ್ಲ ಎಂಬುದು ನಿಯಮ, ಹಾಗಾಗಿ ಎರಡೂ ತಂಡ ಒಬ್ಬೊಬ್ಬಳನ್ನು ಬಿಡಬೇಕು. ಆಟ ಹನ್ನೊಂದಕ್ಕೆ ಎಂದೆ.

ಹತ್ತಕ್ಕೆ ಸಭೆ. ಮೈದಾನದ ಬಾಗಿಲಲ್ಲಿ ನನ್ನ ಫ್ಲೆಕ್ಸು, ಮುಕ್ಕಾಲು ಗಂಟೆ ಆರಿಸಿದ ಫೋಟೋ. ಚೆನ್ನಾಗಿಯೇ ಬಂದಿತ್ತು, ಹಾಳಾದ್ದು. ವೇದಿಕೆಯಲ್ಲಿ ಹನ್ನೊಂದು ಕುರ್ಚಿ. ಧನರಾಜನ ಅಂಗಿಯ ಜೇಬಿನಲ್ಲಿ ಬಿಳಿ ಲಕೋಟೆ ಕಾಣುತ್ತಿತ್ತು. ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿಯೇನು ಎಂದು ಅವನು ಕಾಯುತ್ತಿದ್ದ. ಒಳಗೆ ಒಂದು ಕಡೆ ನಾನೂ ಕಾಯುತ್ತಿದ್ದೆ. ಸನ್ಮಾನಪತ್ರ ಓದುವವಳು ಶುರು ಮಾಡಿದಳು. ನಿಷ್ಕಳಂಕ ಸೇವೆ, ತಕ್ಕಡಿಯಂಥ ನ್ಯಾಯ, ಊರಿನ ಹೆಮ್ಮೆ. ಒಬ್ಬರು ಶಾಲು ಹೊದಿಸಲು ಎದ್ದರು. ತಕ್ಕಡಿ ಎಂಬ ಮಾತು ಕೇಳಿದ ಮೇಲೆ ನನ್ನಿಂದ ಕೂರಲಾಗಲಿಲ್ಲ. ಶಾಲನ್ನು ಕೈಯಲ್ಲೇ ತಡೆದು ಮೈಕಿನ ಬಳಿ ಹೋದೆ.

ಬರೆದದ್ದನ್ನು ಓದಿದೆ. ನಿನ್ನೆ ತೂಕ ನೋಡುವಾಗ ಒಂದು ತಂಡಕ್ಕೆ ಪ್ರತಿಸಲವೂ ಒಂದು ಕಿಲೋ ಕಡಿಮೆ ದಾಖಲಾಗಿದೆ. ಎದುರು ನಿಂತು ನೋಡಬೇಕಾದ ಅಧಿಕಾರಿ ನಾನು, ಆ ಹೊತ್ತಿನಲ್ಲಿ ನಾನು ಅಲ್ಲಿರಲಿಲ್ಲ, ಈ ಲೋಪ ನನ್ನದು. ನಿನ್ನೆಯ ಫಲಿತಾಂಶ ರದ್ದು, ಹನ್ನೊಂದು ಗಂಟೆಗೆ ಮತ್ತೆ ಆಟ.

ಮೂರನೇ ಸಾಲಿನಲ್ಲಿ ಬಿಳಿ ಟೊಪ್ಪಿಯ ಹಾಜಬ್ಬ ಎದ್ದು ನಿಂತು ಬಾಯಿ ತೆರೆದರು.

"ಹಾಜಬ್ಬರೇ, ಕೂತ್ಕೊಳ್ಳಿ. ಈಗ ಮಾತಾಡುದು ನಾನು" ಎಂದೆ ಮೈಕಿನಲ್ಲೇ. ಅವರು ಕೂತರು.

ಅಷ್ಟರಲ್ಲಿ ಹಿಂದಿನಿಂದ ಕೂಗು ಶುರುವಾಯಿತು. ಹೊರಗಿನವರಿಗೆ ಊರನ್ನು ಮಾರಿದಳು ಎಂದ ಒಬ್ಬ. ಗೆದ್ದ ಆಟವನ್ನು ಯಾರಾದರೂ ವಾಪಸು ಕೊಡುತ್ತಾರಾ ಎಂದ ಇನ್ನೊಬ್ಬ. ಒಂದು ನೀರಿನ ಬಾಟಲಿ ವೇದಿಕೆಗೆ ಬಿತ್ತು.

"ಬಾಟ್ಲಿ ಹಾಕಿದವರು ಬಂದು ಹೆಕ್ಕಿ" ಎಂದೆ. "ಇಪ್ಪತ್ತಮೂರು ದೇಶದಲ್ಲಿ ಶೂ ತೆಗೆಸಿ ನೋಡಿದವಳು ನಾನು. ಅಲ್ಲಿ ಒಂದು ನಿಯಮ, ಮೂಡುಬಿದ್ರೆಯಲ್ಲಿ ಒಂದು ನಿಯಮ ಅಂತ ನನ್ನ ಪುಸ್ತಕದಲ್ಲಿ ಇಲ್ಲ. ನಮ್ಮ ಹುಡುಗಿಯರು ಗೆದ್ರೆ ಏಳು ಜನರಲ್ಲಿ ಏಳು ಜನರೆದುರು ಗೆಲ್ಲಲಿ. ಬೈಯುವವರು ಬೈಯಿರಿ, ನಾನು ಇಲ್ಲೇ ಇರ್ತೇನೆ."

ಯಾರೂ ಬಾಟಲಿ ಹೆಕ್ಕಲು ಬರಲಿಲ್ಲ, ಆದರೆ ಎರಡನೆಯದೂ ಬೀಳಲಿಲ್ಲ. ತಿರುಗಿ ನೋಡಿದಾಗ ಧನರಾಜ್ ಲಕೋಟೆಯನ್ನು ಜೇಬಿನಿಂದ ತೆಗೆದು ಎರಡಾಗಿ ಮಡಚಿ ಪ್ಯಾಂಟಿನ ಜೇಬಿಗೆ ಹಾಕುತ್ತಿದ್ದ. ಅವನ ಕಣ್ಣು ತುಂಬಿತ್ತು. ಮೂವತ್ತೈದು ವರ್ಷ ಅಲೆದು ಮುಟ್ಟಬೇಕೆಂದಿದ್ದ ಜಾಗ, ಇನ್ನು ಇಲ್ಲ ಎಂದು ಅಲ್ಲಿ ನಿಂತೇ ಗೊತ್ತಾಯಿತು. ಅತ್ತರೆ ಇವರೆದುರು ಅಳಬೇಕಲ್ಲ ಎಂಬ ಸಿಟ್ಟಿಗೆ ಅಳಲಿಲ್ಲ.

ಹನ್ನೊಂದಕ್ಕೆ ರೆಫರಿಗಳು ಇಬ್ಬರೂ ಹೊಟ್ಟೆನೋವೆಂದು ಹೋಗಿದ್ದರು. ಸೀಟಿಯನ್ನು ನಾನೇ ಹಿಡಿದೆ. ನಮ್ಮ ತಂಡ ತೃಷಾಳನ್ನೇ ಕೂರಿಸಿತ್ತು. ಅವಳೇ ಎಲ್ಲರಿಗಿಂತ ಭಾರ, ಹಗುರ ಹುಡುಗಿಯರೇ ಉಳಿದರೆ ಕಾಲು ಚುರುಕಾಗಿ ಹಿಂದೆ ಸರಿಯುತ್ತದೆ ಎಂದು ಲೆಕ್ಕ ಹಾಕಿದ್ದರಂತೆ. ನನಗದು ತಪ್ಪು ಲೆಕ್ಕ ಎನಿಸಿತು, ಸೀಟಿ ಹಿಡಿದವಳು ಹೇಳುವಂತಿರಲಿಲ್ಲ. ಮೊದಲ ಸುತ್ತು ನಮ್ಮವರದ್ದು. ಮೈದಾನ ಎದ್ದು ನಿಂತಿತು. ಎರಡನೆಯದು ಅವರದ್ದು. ಮೂರನೆಯದರಲ್ಲಿ ಹಗ್ಗ ಮೂರು ನಿಮಿಷ ಅತ್ತ ಇತ್ತ ಆಗದೆ ನಿಂತಿತು. ಆ ಮೂರು ನಿಮಿಷ ನಾನು ದೇವರನ್ನು ಬೇಡಿಕೊಂಡದ್ದು ಯಾರ ಪರವಾಗಿ ಎಂದು ಕೇಳಬೇಡಿ. ಕೊನೆಗೆ ನಮ್ಮ ಹಿಂದಿನವಳ ಹಿಮ್ಮಡಿ ಜಾರಿತು, ಒಬ್ಬೊಬ್ಬರಾಗಿ ಏಳೂ ಮಂದಿ ಎಳೆಯಲ್ಪಟ್ಟರು. ತೃಷಾ ಅಲ್ಲಿದ್ದಿದ್ದರೆ ಜಾರುತ್ತಿರಲಿಲ್ಲ. ಛತ್ತೀಸ್‌ಗಢದವರ ಕಡೆಗೆ ಕೈ ಎತ್ತಿದೆ. ಹಾಜಬ್ಬರೊಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ರುಕ್ಮಯ್ಯ ಮೇಷ್ಟ್ರು, ಆಮೇಲೆ ಇನ್ನು ಕೆಲವರು.

ತೃಷಾ ನೇರ ನನ್ನೆದುರು ಬಂದು ನಿಂತಳು.

"ನಿನ್ನೆ ಸರಿ ತೂಕ ಹೇಳಿದ್ರೆ ನಮ್ಗೆ ಮೂರು ಗಂಟೆ ಟೈಮ್ ಇತ್ತು ಟೀಚರ್. ರೈನ್‌ಕೋಟ್ ಹಾಕಿ ಓಡಿ ಆರು ಕಿಲೋ ಇಳಿಸ್ತಿದ್ದೆವು. ಎಂಟು ಜನರಲ್ಲೇ ಎಳೀತಿದ್ದೆವು. ಅಧ್ಯಕ್ಷ ಸ್ಥಾನ ಹೋಯ್ತು ಅಂತ ನಿಮ್ಮನ್ನು ಎಲ್ಲರೂ ಪಾಪ ಅಂತ ಹೇಳ್ಬಹುದು. ನಾನು ಹೇಳುದಿಲ್ಲ."

ಅವಳು ಶೂ ಬಿಚ್ಚಿ ಕೈಯಲ್ಲಿ ಹಿಡಿದು ಹೋದಳು.

ಸೋಮವಾರ ಸಂಜೆ ಕಳೆಯಿತು. ತಿಂಗಳ ನಂತರ ಚುನಾವಣೆಯೂ ಮುಗಿಯಿತು, ಯಾರೋ ಗೆದ್ದರು. ಅಂದು ಧನರಾಜ್ ಫೋನ್ ಮಾಡಿದ. ಒಂದು ಲೈನ್ ಬರೆದಿದ್ದರೆ ಈ ಹೊತ್ತು ನಿಮಗೆ ಹಾರ ಬೀಳುತ್ತಿತ್ತು ಎಂದ. ಆ ಹಾರ ಹಾಕಿಕೊಂಡು ಕಲ್ಲಡ್ಕದ ದಾರಿಯಲ್ಲಿ ನಾನು ಹೇಗೆ ಹೋಗುವುದು ಎಂದು ಕೇಳಿದೆ. "ನನಗೆ ಹೀಗೆ ಇರ್ಲಿಕ್ಕೆ ಕಲಿಸಿದ್ದು ನೀವೇ, ಆದ್ರೆ ನನಗೆ ಅಷ್ಟು ಬರುದಿಲ್ಲ ಟೀಚರ್" ಎಂದ. ನನಗೆ ಅವನ ಮೇಲೆ ಸಿಟ್ಟಿಲ್ಲ. ವಾಟ್ಸಪ್ಪಿನವರಿಗೆ ಹೇಳುವುದು ಇಷ್ಟೇ: ನಾಳೆ ಮತ್ತೆ ಹಾಗಾದರೂ ಮತ್ತೆ ಹಾಗೇ ಬರೆಯುತ್ತೇನೆ.

ಉಳಿದದ್ದು ಒಂದೇ. ಚುನಾವಣೆಯ ಮರುದಿನ ನಾರಾವಿಗೆ ಹೋದೆ. ತೃಷಾ ಮನೆಯಲ್ಲಿಲ್ಲ ಎಂದು ಅವಳ ಅಮ್ಮ ಹೇಳಿದರು, ಒಳಗೆ ಅವಳ ದನಿ ಕೇಳುತ್ತಿತ್ತು. ಮುಂದಿನ ವಾರ ಮತ್ತೆ ಹೋದೆ. ಆಗಲೂ ಹಾಗೇ. ಮೂರನೇ ವಾರ ಜಗಲಿಯಲ್ಲೇ ಕೂತೆ, ಬಾರದೆ ಏಳುವುದಿಲ್ಲ ಎಂದು ಕೂಗಿ ಹೇಳಿದೆ. ಅರ್ಧ ಗಂಟೆಯ ಮೇಲೆ ಬಂದು ಬಾಗಿಲಲ್ಲಿ ನಿಂತಳು.

ಎದ್ದು ನಿಂತೆ. ಮಂತ್ರಿಗಳ ಮುಂದೆ, ಕಲ್ಲಡ್ಕದ ಗಂಡಸರ ಮುಂದೆ ಒಮ್ಮೆಯೂ ಆಡದ ಮಾತು, ನಾಲಿಗೆಗೆ ಅಭ್ಯಾಸವೇ ಇರಲಿಲ್ಲ.

"ನನ್ನಿಂದ ತಪ್ಪಾಯ್ತು ತೃಷಾ. ಕ್ಷಮಿಸು."

ಅವಳು ಹೊಸ್ತಿಲು ದಾಟಿ ಜಗಲಿಗೆ ಬಂದಳು.

"ಕ್ಷಮೆ ಎಲ್ಲ ಈಗ ಬೇಡ ಟೀಚರ್" ಎಂದಳು. "ಮಾರ್ಚಿನಲ್ಲಿ ನಮ್ಗೆ ಮತ್ತೆ ಆಟ ಉಂಟು. ಆ ದಿನ ಮೆಷಿನ್ನಿನ ಎದುರಿನಿಂದ ಏಳ್ಬೇಡಿ."

"ಏಳುದಿಲ್ಲ" ಎಂದೆ.